ಒಂದು ಟಕ್ಕಿಗೆ ಒಂದು ಸೆಂಟು

ನಮ್ಮ ಕಡೆ ಮಳೆಗಾಲದ ಬೆಳಿಗ್ಗೆ ಫೋನ್ ಮಾಡಿದವರು ಮೊದಲು ಆರೋಗ್ಯ ವಿಚಾರಿಸುವುದಿಲ್ಲ. "ಎಷ್ಟಾಯ್ತು?" ಎನ್ನುತ್ತಾರೆ. ಹಿಂದಿನ ರಾತ್ರಿ ಎಷ್ಟು ಮಳೆ ಬಂತು ಎಂದು ಅದರ ಅರ್ಥ. ಉತ್ತರವೂ ಅಷ್ಟೇ ಚಿಕ್ಕದು: "ಮೂವತ್ತೆಂಟು", "ಇಂಚಿನ ಮೇಲೆ ಹತ್ತು". ಕಾಫಿ ತೋಟದವರಿಗೆ ಮಳೆ ಬೀಳುವುದು ಇಂಚು, ಸೆಂಟುಗಳಲ್ಲಿ. ನೂರು ಸೆಂಟಿಗೆ ಒಂದು ಇಂಚು.

ಬಯಲುಸೀಮೆಯಿಂದ ಮದುವೆಯಾಗಿ ಬಂದ ನಮ್ಮ ಅತ್ತಿಗೆಗೆ ಇದು ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದ ಸೆಂಟು ನೆಲದ ಅಳತೆ. ಅಮ್ಮ ಫೋನಿನಲ್ಲಿ ಯಾರಿಗೋ "ನಮ್ಮದು ಹದಿನೈದು ಸೆಂಟ್" ಎಂದದ್ದನ್ನು ಕೇಳಿಸಿಕೊಂಡು, ಸಂಜೆ ಅಣ್ಣನನ್ನು ಒಳಗೆ ಕರೆದು, "ಮನೆ ಜಾಗದಲ್ಲಿ ಹದಿನೈದು ಸೆಂಟ್ ಯಾರಿಗೆ ಕೊಟ್ರು ಅತ್ತೆ?" ಎಂದು ಆತಂಕದಿಂದ ಕೇಳಿದ್ದರು. ಅಮ್ಮ ಈಗಲೂ ನೆಂಟರ ಮುಂದೆ ಆ ಕಥೆ ಹೇಳುತ್ತಾರೆ.

ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ರಸ್ತೆಯಿಂದ ಕವಲೊಡೆದ ಒಂದು ಸಣ್ಣ ದಾರಿಯಲ್ಲಿ ನಮ್ಮ ಮನೆ ಇದೆ. ದಾರಿಯ ಎರಡೂ ಕಡೆ ಇರುವವರು ಹೆಚ್ಚಾಗಿ ಚಿಕ್ಕ ಬೆಳೆಗಾರರು. ಕಾಫಿ ಒಣಗಿಸುವ ನಮ್ಮ ಕಣದ ಮೂಲೆಯಲ್ಲಿ, ಕಲ್ಲುಕಂಬದ ಮೇಲೆ, ಅಪ್ಪ ಇದ್ದಾಗ ಕೂರಿಸಿದ ರೈನ್ ಗೇಜ್ ಇದೆ. ಮೇಲೆ ಆಲಿಕೆಯ ಬಾಯಿ, ಒಳಗೆ ನೀರು ತುಂಬುವ ಡಬ್ಬಿ. ಡಬ್ಬಿಯ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಸುರಿದು ಓದಬೇಕು. ಮನೆಯಲ್ಲಿ ಮೊದಲು ಏಳುವವರು ಅಮ್ಮನಾದ್ದರಿಂದ ಓದುವ ಕೆಲಸ ಅವರ ಪಾಲಿಗೆ ಬಂತು. ಕ್ರಮೇಣ ಇಡೀ ದಾರಿಯ ಮಳೆಯ ಲೆಕ್ಕವೇ ಅವರ ಪಾಲಿಗೆ ಬಂತು. ಅಮ್ಮ ಅಂಕಿಯನ್ನು ಎಂದೂ ಅಂದಾಜಿನಲ್ಲಿ ಹೇಳಿದವರಲ್ಲ. ಮೂವತ್ತೆಂಟನ್ನು ನಲವತ್ತು ಎಂದು ಹೇಳಿದ್ದು ನನಗೆ ನೆನಪಿಲ್ಲ.

ವರ್ಷದ ಉಳಿದ ದಿನಗಳಲ್ಲಿ ಈ ಲೆಕ್ಕ ಬರೀ ಕುತೂಹಲದ್ದು. ಬೇಸಿಗೆಯ ಮೊದಲ ದೊಡ್ಡ ಮಳೆಗೆ, ಅಂದರೆ ಹೂಮಳೆಗೆ, ಮಾತ್ರ ಹಾಗಲ್ಲ. ಕಾಫಿ ಗಿಡದಲ್ಲಿ ಕಾದು ಕುಳಿತ ಮೊಗ್ಗು ಅರಳಬೇಕಾದರೆ ಸುಮಾರು ಒಂದು ಇಂಚು ಮಳೆ ಬೇಕು. ಅಷ್ಟು ಬಂದರೆ ಗಿಡ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ. ಅರೆಬರೆ ಬಂದು ನಿಂತರೆ ಮೊಗ್ಗು ಎಚ್ಚರಗೊಂಡು, ನೀರು ಸಾಲದೆ ಕರಟುತ್ತದೆ. ಆಗ ತಡಮಾಡದೆ ಹಳ್ಳಕ್ಕೆ ಪಂಪು ಇಳಿಸಿ, ಪೈಪು ಎಳೆದು, ಸ್ಪ್ರಿಂಕ್ಲರ್ ಹಚ್ಚಿ ಉಳಿದ ನೀರು ಕೊಡಬೇಕು. ಪೈಪು ಎಳೆಯುವುದೋ ಬೇಡವೋ ಎಂಬುದನ್ನು ನಮ್ಮ ದಾರಿಯವರು ಅಮ್ಮನ ಒಂದು ಮಾತಿನ ಮೇಲೆ ತೀರ್ಮಾನಿಸುತ್ತಿದ್ದರು.

ಆ ಮಾತು ನಿಂತುಹೋಗುವ ಸಂದರ್ಭ ಈಚೆಗೆ ಬಂತು.

ಎಂಬತ್ತರ ಹತ್ತಿರವಿರುವ ಅಮ್ಮನಿಗೆ ಕಣ್ಣಿನ ನಡುಭಾಗ ಮಸುಕಾಗತೊಡಗಿತು. ನೇರ ನೋಡಿದರೆ ಎದುರಿಗಿರುವ ಮುಖ ಕಾಣುವುದಿಲ್ಲ, ಅಂಚಿನಲ್ಲಿರುವ ಗೋಡೆ ಕಾಣುತ್ತದೆ. ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಅಮ್ಮ ತಲೆ ತಿರುಗಿಸಿ ಓರೆಯಾಗಿ ನೋಡುವುದನ್ನು ಕಲಿತರು. "ಕೋಳಿ ನೋಡ್ದಂಗೆ ನೋಡ್ತೀನಿ, ಎಂತ ಮಾಡದು" ಎಂದು ನಕ್ಕರು. ಅಕ್ಕಿಯ ಕಲ್ಲು, ಬಸ್ಸಿನ ಬೋರ್ಡು ಎಲ್ಲವನ್ನೂ ನಗುತ್ತಲೇ ಬಿಟ್ಟುಕೊಟ್ಟರು. ಗಾಜಿನ ಲೋಟದ ಕೂದಲೆಳೆಯಷ್ಟು ಗೆರೆಗಳನ್ನು ಬಿಟ್ಟುಕೊಡಲು ಮಾತ್ರ ಒಪ್ಪಲಿಲ್ಲ.

ಅತ್ತಿಗೆ ಓದಬಹುದಿತ್ತು. ಕೆಲವು ದಿನ ಓದಿದರು ಕೂಡ. ಆದರೆ ಲೋಟದಲ್ಲಿ ನೀರು ಅಂಚಿಗೆ ಕೊಂಚ ಏರಿ, ನಡುವೆ ಕೊಂಚ ಇಳಿದು ನಿಲ್ಲುತ್ತದೆ.

"ಹೊಟ್ಟೆ ನೋಡು, ಅಂಚು ನೋಡ್ಬೇಡ," ಎಂದು ಅಮ್ಮ ಪಕ್ಕದಿಂದ.

"ನೀರಿಗೆ ಎಲ್ಲಿಂದ ಬಂತು ಹೊಟ್ಟೆ, ಅತ್ತೆ? ಒಲೆ ಮೇಲೆ ಹಾಲು ಉಕ್ತಿದೆ," ಎಂದು ಅತ್ತಿಗೆ.

ಕೊನೆಗೆ ಅಮ್ಮ ನನಗೆ ಹೇಳಿದ್ದು: "ಅವಳು ಓದಿದ್ದನ್ನ ಫೋನಲ್ಲಿ ಹೇಳಕ್ಕೆ ನಾನೆಂತ ರೇಡಿಯೋನಾ?"

ಹೀಗಿರುವಾಗ ಒಂದು ಬೆಳಿಗ್ಗೆ ಅಮ್ಮ ತಾವೇ ಓದಿ ಹತ್ತೊಂಬತ್ತನ್ನು ಐವತ್ತೊಂಬತ್ತು ಎಂದು ಹೇಳಿಬಿಟ್ಟರು. ಅದು ಮಳೆಗಾಲದ ಮಳೆ, ಯಾರಿಗೂ ನಷ್ಟವಾಗಲಿಲ್ಲ. ಆದರೂ ಆ ವಾರ ಮೇಲಿನ ತೋಟದ ಗೌಡರು ಮನೆಗೆ ಬಂದರು. ನಮ್ಮ ದಾರಿಯ ದೊಡ್ಡ ತೋಟ ಅವರದು. ಅವರ ಬಂಗಲೆಯ ಮುಂದೆ ಹೊಸದಾಗಿ ಉಕ್ಕಿನ ಕಂಬ ನಿಂತಿತ್ತು. ಗಾಳಿ, ಬಿಸಿಲು, ಮಳೆ ಎಲ್ಲವನ್ನೂ ಅಳೆದು ಅವರ ಫೋನಿಗೆ ಕಳಿಸುವ ಯಂತ್ರ ಅದರ ಮೇಲಿತ್ತು.

ಕಾಫಿ ಕುಡಿದು ಲೋಟ ಕೆಳಗಿಟ್ಟು ಗೌಡರು ಮೆಲ್ಲಗೆ ಶುರು ಮಾಡಿದರು. "ಅಮ್ಮಾ, ಇಷ್ಟು ವರ್ಷ ನೀವು ಎಲ್ರಿಗೂ ಮಳೆ ಹೇಳಿದ್ರಿ. ಇನ್ನು ರೆಸ್ಟ್ ತಗೊಳಿ. ನಮ್ಮ ಯಂತ್ರದ್ದೇ ದಿನಾ ವಾಟ್ಸಾಪ್ ಗುಂಪಿಗೆ ಹಾಕ್ಬಿಡ್ತೀನಿ."

"ಹಾಕಿ ಗೌಡ್ರೆ. ಬೇಡ ಅಂದೋರು ಯಾರು?" ಎಂದರು ಅಮ್ಮ. "ಹೂಮಳೆವರೆಗೂ ನಾನೂ ಹೇಳ್ತೀನಿ, ನೀವೂ ಹೇಳಿ. ಆಮೇಲೆ ಯಾರನ್ನ ಕೇಳ್ಬೇಕು ಅಂತ ಕೇಳೋರೇ ನೋಡ್ಕೊಳ್ಳಿ."

ಗೌಡರು ಒಪ್ಪಿಕೊಂಡು ಹೊರಟರು. ಗೇಟಿನ ಸದ್ದಾದ ಮೇಲೆ ಅಮ್ಮ ನನ್ನ ಕಡೆ ತಿರುಗಿದರು. "ನಂಗೂ ಒಂದು ಎಂತದಾದ್ರೂ ನೋಡು ಮಾರಾಯ."

ನಾನು ಚಿಕ್ಕಮಗಳೂರಿನ ಒಂದು ಪತ್ರಿಕಾ ಕಚೇರಿಯಲ್ಲಿ ಸುದ್ದಿ ತಿದ್ದುವ ಕೆಲಸದಲ್ಲಿದ್ದೇನೆ. ಯಾವುದನ್ನೂ ಎರಡು ಕಡೆ ವಿಚಾರಿಸದೆ ಒಪ್ಪುವ ಅಭ್ಯಾಸ ಇಲ್ಲ. ಆದ್ದರಿಂದ ಹುಡುಕಾಟ ನಿಧಾನವಾಗಿ ನಡೆಯಿತು. ಮೊದಲು ದೀಪವಿರುವ ಭೂತಗನ್ನಡಿ ತಂದೆ. ಬೆಳಗಿನ ಚಳಿಗೆ ಅದರ ಮೇಲೆ ಮಂಜು ಕೂತಿತು. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಗಾಜು ಹಿಡಿದರೆ ಕೊಡೆ ಹಿಡಿಯಲು ಮೂರನೆಯ ಕೈ ಬೇಕಾಗುತ್ತಿತ್ತು. ಅಣ್ಣ ತನ್ನ ಫೋನಿನಲ್ಲಿ ಹವಾಮಾನದ ಆ್ಯಪ್ ತೆರೆದು ತೋರಿಸಿದ. "ನಮ್ಮ ಕಣದಲ್ಲಿ ಬಿದ್ದಿದ್ದು ಇದಕ್ಕೆ ಹೆಂಗೆ ಗೊತ್ತು?" ಎಂದು ಅಮ್ಮ ಕೇಳಿದಾಗ ಫೋನನ್ನು ಜೇಬಿಗೆ ಹಾಕಿಕೊಂಡ. ಬಣ್ಣದ ಪರದೆಯ ಒಂದು ಯಂತ್ರವನ್ನು ಆನ್‌ಲೈನಿನಲ್ಲಿ ತರಿಸಿದೆ. ಪರದೆ ತುಂಬ ಅಂಕಿಗಳು, ಬಾಣಗಳು, ಚಂದ್ರನ ಚಿತ್ರ.

ಅಮ್ಮ ಅದನ್ನು ಓರೆಯಾಗಿ ನೋಡಿ, "ಇಷ್ಟರಲ್ಲಿ ಮಳೆ ಯಾವ್ದು?" ಎಂದರು. ನಾನು ಬೆರಳಿಟ್ಟು ತೋರಿಸಿದೆ. "ಚಂದ್ರನ್ನ ಹೊರಗೆ ಹೋದ್ರೆ ನೋಡ್ಬಹುದಲ್ಲ, ಮಳೆಯನ್ನ ದೊಡ್ಡದು ಮಾಡ್ಬಹುದಿತ್ತು." ಯಂತ್ರ ಬಂದ ದಾರಿಯಲ್ಲೇ ವಾಪಸು ಹೋಯಿತು.

ಅಷ್ಟು ಹೊತ್ತಿಗೆ ಅಮ್ಮನ ಷರತ್ತುಗಳು ಸ್ಪಷ್ಟವಾಗಿದ್ದವು. ಒಂದೇ ಅಂಕಿ ಇರಬೇಕು, ದೊಡ್ಡದಾಗಿರಬೇಕು. ಇಂಟರ್‌ನೆಟ್ ಬೇಡ. ಯಂತ್ರ ತಾನಾಗಿ ಮಾತಾಡಬಾರದು, ಹೇಳುವುದು ಅಮ್ಮನ ಕೆಲಸ.

ಮೂಡಿಗೆರೆಯಲ್ಲಿ ಪಂಪ್‌ಸೆಟ್ಟು, ಟಾರ್ಚು, ಬೇಲಿಗೆ ಕರೆಂಟು ಹಾಯಿಸುವ ಯಂತ್ರ ಎಲ್ಲವನ್ನೂ ಮಾರುವ ಮತ್ತು ರಿಪೇರಿ ಮಾಡುವ ಒಂದು ಅಂಗಡಿ ಇದೆ. ಅದರ ಮಾಲೀಕ ಸಾಬರಿಗೆ ನಮ್ಮ ಮನೆಯ ಪರಿಚಯ ಹಳೆಯದು. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದೆ.

"ಬನ್ನಿ ಅಮ್ಮಾರೆ, ಮಳೆ ಬರುತ್ತಾ?" ಎಂದು ಸಾಬರು ಕುರ್ಚಿ ಒರೆಸಿದರು.

"ಬರೋದು ನಿಮ್ಮನ್ನೂ ಕೇಳಲ್ಲ, ನನ್ನನ್ನೂ ಕೇಳಲ್ಲ ಸಾಬ್ರೆ. ಬಂದಿದ್ದು ಎಷ್ಟು ಅಂತ ಹೇಳಕ್ಕೆ ಒಂದು ಸಾಮಾನು ಕೊಡಿ."

ಸಾಬರು ಮೇಲಿನ ಹಲಗೆಯಿಂದ ಒಂದು ಪೆಟ್ಟಿಗೆ ಇಳಿಸಿದರು. ಹೊರಗೆ ಇಡಲು ಆಲಿಕೆಯಿದ್ದ ಬಿಳಿ ಡಬ್ಬ, ಒಳಗೆ ಇಡಲು ಪುಟ್ಟ ಪರದೆ. ನಡುವೆ ತಂತಿಯಿಲ್ಲ. ಬ್ಯಾಟರಿ ಹಾಕಿದ ಕೂಡಲೇ ಪರದೆಯ ತುಂಬ ಎಂಟುಗಳು ಮೂಡಿದವು. ಕಪ್ಪಗೆ, ದಪ್ಪಗೆ, ಬೆರಳುದ್ದ. ನಡುವಿನ ಚುಕ್ಕಿಯೇ ಹೆಸರುಕಾಳಿನಷ್ಟಿತ್ತು. ಅಮ್ಮ ಕತ್ತು ತಿರುಗಿಸಿ, "ಎಂಟು, ಎಂಟು, ಎಂಟು. ಚುಕ್ಕಿ ಇದೆ," ಎಂದು ಓದಿದರು. ಇಷ್ಟು ದಿನದ ಹುಡುಕಾಟದಲ್ಲಿ ಅವರು ಯಾರ ನೆರವೂ ಇಲ್ಲದೆ ಓದಿದ ಮೊದಲ ಅಂಕಿ ಅದು.

"ಒಳಗೆ ಹೆಂಗೆ ಅಳೀತದೆ?"

ಸಾಬರು ಡಬ್ಬದ ಮುಚ್ಚಳ ಬಿಚ್ಚಿದರು. ಒಳಗೆ ಮಕ್ಕಳು ಏರಿ ಇಳಿದು ಆಡುವ ಏತದ ಹಲಗೆಯಂಥ ಒಂದು ತುಂಡು ಪ್ಲಾಸ್ಟಿಕ್ಕು, ಎರಡು ತುದಿಯಲ್ಲೂ ಚಿಕ್ಕ ಬಟ್ಟಲು. ಒಂದು ಬಟ್ಟಲು ತುಂಬಿದರೆ ಆ ಕಡೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬಂದು ತುಂಬತೊಡಗುತ್ತದೆ. ಸಾಬರು ಬೆರಳಿನಿಂದ ವಾಲಿಸಿದರು. ಟಕ್. ಮತ್ತೆ ವಾಲಿಸಿದರು. ಟಕ್.

"ಒಂದು ಟಕ್ ಅಂದ್ರೆ ಇಂಚಲ್ಲಿ ನೂರನೇ ಒಂದು ಪಾಲು ಅಂತ ಪೆಟ್ಟಿಗೆ ಮೇಲೆ ಬರ್ದಿದೆ ಅಮ್ಮಾರೆ."

ಅಮ್ಮ ತಾವೇ ಬೆರಳಿಟ್ಟು ಇನ್ನೊಮ್ಮೆ ವಾಲಿಸಿದರು. "ಒಂದು ಟಕ್ಕಿಗೆ ಒಂದು ಸೆಂಟು," ಎಂದರು. "ಕಟ್ಟಿ ಕೊಡಿ."

ಮನೆಗೆ ಬಂದು ಹಳೆಯ ಗೇಜಿನ ಪಕ್ಕದಲ್ಲೇ, ಮರದ ನೆರಳಿಲ್ಲದ ಕಡೆ, ಹೊಸ ಡಬ್ಬವನ್ನು ಮಟ್ಟ ನೋಡಿ ಕೂರಿಸಿದೆವು. ಪರದೆಯನ್ನು ಅಮ್ಮನ ಮಂಚದ ಪಕ್ಕದ ಕಿಟಕಿಯಲ್ಲಿಟ್ಟೆ. ಅದರ ಬೆನ್ನಿನಲ್ಲಿ, ಬ್ಯಾಟರಿಯ ಮುಚ್ಚಳದೊಳಗೆ, ಒಂದು ಸಣ್ಣ ಸ್ವಿಚ್ಚು ಮಿಲಿಮೀಟರಿನ ಕಡೆಗಿತ್ತು. ನಮ್ಮ ಕಚೇರಿಯಲ್ಲಿ ಮಳೆ ಬೀಳುವುದು ಮಿಲಿಮೀಟರಿನಲ್ಲಿ. ನನಗೆ ಅದು ಸರಿಯಾಗಿಯೇ ಕಂಡಿತು, ಮುಚ್ಚಳ ಹಾಕಿದೆ.

ಬೇಸಿಗೆ ಕಾಲಿಡುತ್ತಿದ್ದಾಗ ಒಂದು ರಾತ್ರಿ ತುಂತುರು ಬಂತು. ಬೆಳಿಗ್ಗೆ ಪರದೆಯಲ್ಲಿ ಮೂರು, ಚುಕ್ಕಿ, ಸೊನ್ನೆ ಇತ್ತು. ಅಮ್ಮ ಕೇಳಿದವರಿಗೆಲ್ಲ "ಮೂರು ಸೆಂಟ್" ಎಂದರು. ಗೌಡರ ಯಂತ್ರ ಗುಂಪಿನಲ್ಲಿ ಹನ್ನೆರಡು ಎಂದು ಹಾಕಿತ್ತು. ಗುಂಪಿನಲ್ಲಿ ನಗು ಎದ್ದಿತು. ಮೂರು ಸೆಂಟಿಗೆ ಕಣದ ಧೂಳು ಕೂಡ ಒದ್ದೆಯಾಗಲ್ಲ ಎಂದು ಒಬ್ಬರು. ಅಮ್ಮನ ಮಳೆಗೆ ಈಗ ಡಿಸ್ಕೌಂಟ್ ಎಂದು ಇನ್ನೊಬ್ಬರು. ಅತ್ತಿಗೆ ಅವನ್ನು ಓದಿ ಹೇಳದೆ ಫೋನ್ ಮಗುಚಿಟ್ಟರು. ಓದದೆ ಇದ್ದದ್ದರಿಂದಲೇ ಅಮ್ಮನಿಗೆ ಎಲ್ಲ ಅರ್ಥವಾಯಿತು.

ವಾರದ ರಜೆಗೆ ನಾನು ಬಂದಾಗ ಅಮ್ಮ ಹಾಲಿನ ಚೆಂಬಿನಲ್ಲಿ ನೀರು ಹಿಡಿದು ಕಾಯುತ್ತಿದ್ದರು. "ಇದ್ರೊಳಗೆ ಸಣ್ಣಗೆ ಹುಯ್ಯಿ. ನಾನು ಎಣಿಸ್ತೀನಿ."

ನಾನು ಹೊಸ ಡಬ್ಬದ ಬಾಯಿಗೆ ಎಳೆಯಾಗಿ ನೀರು ಬಿಟ್ಟೆ. ಅಮ್ಮ ಕಿವಿಯನ್ನು ಡಬ್ಬಕ್ಕೆ ತಾಗಿಸಿ ಬೆರಳ ಗೆಣ್ಣುಗಳ ಮೇಲೆ ಎಣಿಸತೊಡಗಿದರು. ಕಣದಲ್ಲಿ ಬೇರೆ ಸದ್ದಿರಲಿಲ್ಲ. ಟಕ್, ಟಕ್ ಎಂದು ಹಲ್ಲಿ ಲೊಚಗುಟ್ಟಿದ ಹಾಗೆ ಒಳಗಿನ ಹಲಗೆ ವಾಲುತ್ತಿತ್ತು.

"ಸಾಕು. ಹನ್ನೆರಡು ಟಕ್. ಈಗ ಪರದೆ ಎಂತ ಹೇಳ್ತದೆ?"

ಅತ್ತಿಗೆ ಕಿಟಕಿಯಿಂದ ಕೂಗಿದರು: "ಮೂರು ಚುಕ್ಕಿ ಸೊನ್ನೆ!"

ಅಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು ನಿಂತರು. "ಹನ್ನೆರಡು ಸೆಂಟ್ ಮಳೆಗೆ ನಿಮ್ಮ ಪೇಪರಲ್ಲಿ ಎಷ್ಟು ಅಂತ ಬರೀತೀರಿ?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ಮೇಜಿನಲ್ಲಿ ದಿನಾ ಮಾಡುವ ಲೆಕ್ಕ. "ಮೂರು ಮಿಲಿಮೀಟರ್."

"ಅಷ್ಟೇ. ಯಂತ್ರ ಸರಿ ಇದೆ. ಅದು ಪೇಪರ್ ಭಾಷೆ ಮಾತಾಡ್ತಿದೆ, ನಾನು ನಮ್ಮೂರ ಭಾಷೆ ಅಂದ್ಕೊಂಡೆ."

ಮುಚ್ಚಳ ತೆಗೆದು ಸ್ವಿಚ್ಚನ್ನು ಇಂಚಿನ ಕಡೆಗೆ ತಳ್ಳಿದೆ. ಪರದೆಯಲ್ಲಿ ಸೊನ್ನೆ, ಚುಕ್ಕಿ, ಒಂದು, ಎರಡು ಮೂಡಿತು. ಚುಕ್ಕಿಯ ಎಡಕ್ಕಿರುವುದು ಇಂಚು, ಬಲಕ್ಕಿರುವುದು ಸೆಂಟು. ಅಮ್ಮ ಪರದೆಯನ್ನು ಕೆನ್ನೆಯ ಪಕ್ಕಕ್ಕೆ ಹಿಡಿದು "ಹನ್ನೆರಡು" ಎಂದು ಓದಿ, ಮತ್ತೊಮ್ಮೆ ಓದಿ, ಕಿಟಕಿಯಲ್ಲಿಟ್ಟರು. ಗುಂಪಿಗೆ ವಿವರಣೆ ಬರೆಯಲೇ ಎಂದು ಕೇಳಿದೆ. "ಬೇಡ. ಹೂಮಳೆ ಬರ್ಲಿ," ಎಂದರು.

ಹೂಮಳೆ ಬಂದ ಸಂಜೆ ನಾನು ಮನೆಯಲ್ಲೇ ಇದ್ದೆ. ಮಧ್ಯಾಹ್ನದ ಸೆಖೆ ಕಳೆದು ಗುಡುಗು ಸುರುವಾಯಿತು, ಬಿರುಗಾಳಿ ಎದ್ದಿತು, ಕತ್ತಲಾಗುವವರೆಗೆ ಹೆಂಚಿನ ಮೇಲೆ ನೀರು ಸುರಿಯಿತು. ಅಮ್ಮ ಪರದೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಹೊಸ ಅಂಕಿ ಬಂದಾಗಲೆಲ್ಲ ಜೋರಾಗಿ ಓದುತ್ತಿದ್ದರು. ಅಣ್ಣ ಕ್ರಿಕೆಟ್ ಸ್ಕೋರು ಕೇಳಿದ ಹಾಗೆ ಕೇಳುತ್ತಿದ್ದ.

ಬೆಳಿಗ್ಗೆ ಅಂಕಿ: ಒಂದು, ಚುಕ್ಕಿ, ಸೊನ್ನೆ, ಆರು. ಒಂದು ಇಂಚು ಆರು ಸೆಂಟು. ಪೈಪು ಎಳೆಯುವ ಅಗತ್ಯವಿರಲಿಲ್ಲ.

ಮೊದಲ ಕರೆ ಬರುವ ಮುಂಚೆಯೇ ಗುಂಪಿನಲ್ಲಿ ಗೌಡರ ಅಂಕಿ ಬಿದ್ದಿತ್ತು. ಮೂವತ್ತೊಂದು ಸೆಂಟು.

ಫೋನು ಬಡಿದುಕೊಳ್ಳತೊಡಗಿತು. ಕೆಳಗಿನ ಮನೆಯವನ ದನಿ ಸ್ಪೀಕರಿನಲ್ಲಿ ಕೇಳಿತು: "ಅಮ್ಮಾ, ಗೌಡ್ರದ್ದು ಮೂವತ್ತೊಂದಂತೆ. ನಾವು ಪಂಪು ಇಳಿಸ್ತಾ ಇದೀವಿ. ನಿಮ್ದೆಷ್ಟು?"

"ಒಂದು ಇಂಚು ಆರು. ಪಂಪು ಮೇಲೆತ್ತು."

ಆ ಕಡೆಯವನಿಗೆ ಇನ್ನೂ ಅನುಮಾನ. "ಅವತ್ತಿನ ಮೂರು ಸೆಂಟಿನ ಥರ ಅಲ್ವಲ್ಲಮ್ಮ?"

"ಅವತ್ತಿನದಕ್ಕೂ ಉತ್ತರ ಇದೆ, ಆಮೇಲೆ ಹೇಳ್ತೀನಿ. ಈಗ ಸ್ವಲ್ಪ ತಡಿ."

ಅಮ್ಮ ಫೋನಿಟ್ಟು ಅತ್ತಿಗೆಯನ್ನು ಕರೆದರು. ಅತ್ತಿಗೆ ಹಳೆಯ ಗೇಜಿನ ಡಬ್ಬಿ ತಂದು ಗಾಜಿನ ಲೋಟಕ್ಕೆ ಸುರಿದು ಓದಿದರು. ಮೊದಲ ಲೋಟ ತುಂಬಿತು, ಅಷ್ಟಕ್ಕೇ ಒಂದು ಇಂಚು. ಎರಡನೆಯದರ ತಳದಲ್ಲಿ ಸ್ವಲ್ಪ.

"ಐದು... ತಡೀರಿ ಅತ್ತೆ, ಹೊಟ್ಟೆ ನೋಡ್ತೀನಿ. ಆರು."

ಅಮ್ಮನ ಮುಖದಲ್ಲಿ ಗೆಲುವು ಮೂಡಿದ್ದನ್ನು ನಾನು ಚೆನ್ನಾಗಿ ನೋಡಿದೆ. ಅವರು ನೇರವಾಗಿ ಗೌಡರಿಗೆ ಫೋನ್ ಮಾಡಿಸಿದರು.

"ಗೌಡ್ರೆ, ನಿಮ್ಮ ಕಂಬದ ಹತ್ರ ಸಿಲ್ವರ್ ಓಕ್ ಮರ ಇದೆ ಅಲ್ವಾ?"

"ಇದೆ ಅಮ್ಮಾ, ಯಾಕೆ?"

"ನಿನ್ನೆ ಆ ಪಾಟಿ ಗಾಳಿ. ಸ್ವಲ್ಪ ಏಣಿ ಹಾಕಿ ತಲೆ ಮೇಲೆ ಎಂತ ಕೂತಿದೆ ನೋಡಿ. ಫೋನ್ ಇಡ್ಬೇಡಿ."

ಗೌಡರು ಏಣಿ ತರಿಸಿದ್ದು, ಯಾರಿಗೋ ಗಟ್ಟಿ ಹಿಡಿ ಎಂದದ್ದು, ಏದುಸಿರು ಬಿಟ್ಟದ್ದು ಎಲ್ಲ ನಮಗೆ ಕೇಳಿಸಿತು. ಆಮೇಲೆ ಅವರ ದನಿ ಬದಲಾಯಿತು. "ಅಯ್ಯೋ! ಎಲೆ ಅಮ್ಮಾ. ಸಿಲ್ವರ್ ಎಲೆ ಅಂಟ್ಕೊಂಡು ಆಲಿಕೆ ಬಾಯಿ ಕಟ್ಟಿದೆ. ನೀರು ತುಂಬ್ಕೊಂಡು ನಿಂತಿದೆ."

"ತೆಗೀರಿ."

ಅವರು ಎಲೆ ತೆಗೆದರು. ಫೋನಿನ ಆ ಕಡೆಯಿಂದ, ದೂರದಲ್ಲಿ, ನಮಗೆ ಪರಿಚಯವಾಗಿದ್ದ ಸದ್ದು ಕೇಳಿತು. ಟಕ್, ಟಕ್, ಟಕ್. ಅವರ ಯಂತ್ರದ ಹೊಟ್ಟೆಯಲ್ಲೂ ಅದೇ ಏತದ ಹಲಗೆ ಇತ್ತು.

"ಏರ್ತಾ ಇದೆ ಅಮ್ಮಾ!" ಗೌಡರು ಏಣಿಯ ಮೇಲಿಂದಲೇ ಕೂಗಿದರು. ಕೆಳಗೆ ನಿಂತವರು ಅವರ ಇನ್ನೊಂದು ಫೋನ್ ನೋಡಿ ಓದಿ ಹೇಳುತ್ತಿದ್ದರು. "ಮೂವತ್ತೆಂಟು... ನಲವತ್ನಾಲ್ಕು... ಐವತ್ತು ದಾಟ್ತು!" ನಮ್ಮ ಜಗಲಿಯಲ್ಲಿ ಅಣ್ಣ ಎದ್ದು ನಿಂತಿದ್ದ. ಅತ್ತಿಗೆ ಲೋಟ ಹಿಡಿದವರು ಹಿಡಿದ ಹಾಗೇ ಇದ್ದರು. ಐವತ್ತೇಳಕ್ಕೆ ಸದ್ದು ನಿಂತಿತು.

"ಉಳಿದಿದ್ದು ಚೆಲ್ಲಿ ಹೋಗಿದೆ," ಎಂದರು ಅಮ್ಮ. "ಎಲೆ ಇಲ್ದಿದ್ರೆ ನಿಮ್ದೂ ನಮ್ಮಷ್ಟೇ ಇರ್ತಿತ್ತು. ಒಳ್ಳೇ ಯಂತ್ರನೇ ಗೌಡ್ರೆ. ಜಾಗ ಸರಿ ಇಲ್ಲ."

ಗೌಡರು ಗಟ್ಟಿಯಾಗಿ ನಕ್ಕರು. ಏಣಿಯಿಂದ ಇಳಿದ ಮೇಲೆ ಗುಂಪಿಗೆ ತಮ್ಮದೇ ದನಿಯಲ್ಲಿ ಹೇಳಿದರು: "ಮೂವತ್ತೊಂದು ಅಂತ ಹಾಕಿದ್ದು ತಪ್ಪು. ನಮ್ಮ ಕಂಬದ ಮೇಲೆ ಎಲೆ ಕೂತಿತ್ತು. ಒಂದು ಇಂಚು ಆರು ಸೆಂಟ್, ಅಮ್ಮನ ಲೆಕ್ಕ. ಯಾರೂ ಪೈಪ್ ಎಳೀಬೇಡಿ. ಇನ್ಮೇಲೆ ಬೆಳಿಗ್ಗೆ ಮೊದ್ಲು ಅಮ್ಮನ್ನ ಕೇಳಿ, ಆಮೇಲೆ ನನ್ನ ನೋಡಿ."

ಅತ್ತಿಗೆ ಅದನ್ನು ಮೂರು ಸಲ ಹಾಕಿ ಕೇಳಿಸಿದರು. ಮೂರನೆಯ ಸಲ ಅಮ್ಮ, "ಸಾಕು ಮಾರಾಯ್ತಿ, ಬ್ಯಾಟರಿ ಹೋಗ್ತದೆ," ಎಂದರು. ಆದರೂ ಕಿವಿ ಆ ಕಡೆಗೇ ಇತ್ತು. ಕೆಳಗಿನ ಮನೆಯವನು ಹಳ್ಳಕ್ಕೆ ಇಳಿಸಿದ್ದ ಪಂಪನ್ನು ವಾಪಸು ಹೊತ್ತುಕೊಂಡು ನಮ್ಮ ಗೇಟಿನ ಮುಂದೆಯೇ ಹೋದ. "ಮೂರು ಸೆಂಟಿನ ಉತ್ತರ ಎಂತಮ್ಮ?" ಎಂದು ಕೇಳಿದ. ಅಮ್ಮ ಅವನನ್ನು ಕೂರಿಸಿ ಕಾಫಿ ಕೊಟ್ಟು, ಪೇಪರ್ ಭಾಷೆಯ ಕಥೆಯನ್ನು ಮೊದಲಿನಿಂದ ಹೇಳಿದರು. ನನ್ನ ಪಾತ್ರ ಅದರಲ್ಲಿ ಅಷ್ಟೇನೂ ಚೆನ್ನಾಗಿರಲಿಲ್ಲ.

ಆ ಮಳೆಯನ್ನು ನಮ್ಮ ಪತ್ರಿಕೆಯಲ್ಲಿ ಇಪ್ಪತ್ತೇಳು ಮಿಲಿಮೀಟರ್ ಎಂದು ಪ್ರಕಟಿಸಿದೆವು. ಅತ್ತಿಗೆ ಓದಿ ಹೇಳಿದಾಗ ಅಮ್ಮ, "ಇದು ಯಾರ ಮನೆ ಮಳೆ?" ಎಂದು ಕೇಳಿದರಂತೆ.

ಮುಂದಿನ ವಾರ ದಾರಿಯುದ್ದಕ್ಕೂ ಹೂವು ಬಿಟ್ಟಿತು. ಪೈಪು ಎಳೆಯದ ತೋಟಗಳೆಲ್ಲ ರೆಂಬೆ ಕಾಣದ ಹಾಗೆ ಬೆಳ್ಳಗಾದವು. ಅಮ್ಮನನ್ನು ಗೇಟಿನವರೆಗೆ ಕರೆದುಕೊಂಡು ಹೋದೆ. ಬಿಳುಪಿಗೆ ಓರೆನೋಟವೂ ಬೇಕಾಗಲಿಲ್ಲ. ನಡುಗಣ್ಣಿಗೂ ಅದು ಕಂಡಿತು, ಮಸುಕಾಗಿ, ಆದರೆ ಇಡಿಯಾಗಿ. ಜೇನಿನ ಸದ್ದು ಕೇಳುತ್ತ ಸ್ವಲ್ಪ ಹೊತ್ತು ನಿಂತರು.

ಹೂವು ಬಾಡಿದ ಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಅದೂ ಹದವಾಗಿ ಬಂತು. ಬೆಳಿಗ್ಗೆ ಅಮ್ಮ ಮುಖ ತೊಳೆಯುವ ಮುಂಚೆಯೇ ಫೋನು ಬಡಿದುಕೊಂಡಿತು. ಮೊದಲ ಕರೆ ಗೌಡರದೇ. ಅವರ ಕಂಬ ಆ ಹೊತ್ತಿಗಾಗಲೇ ಮರದಿಂದ ದೂರ, ಕಣದ ನಡುವಿಗೆ ಬಂದು ನಿಂತಿತ್ತು.

"ಎಷ್ಟಾಯ್ತು ಅಮ್ಮಾ?"

"ಮೊದ್ಲು ನಿಮ್ದು ಹೇಳಿ ಗೌಡ್ರೆ."

"ಐವತ್ತೆರಡು."

ಅಮ್ಮ ಪರದೆಯನ್ನು ಕೆನ್ನೆಯ ಪಕ್ಕಕ್ಕೆ ತಂದು, ಕತ್ತು ತಿರುಗಿಸಿ, ನಿಧಾನವಾಗಿ ಓದಿದರು.

"ಐವತ್ಮೂರು. ಏಣಿ ಹಾಕಿ, ಒಂದು ಎಲ್ಲಿ ಹೋಯ್ತು ನೋಡಿ."